ಸ್ಲ್ಯಾಕ್ ಶುರುಮಾಡುವವರಿಗೆ: ಮೊದಲು ಒಂದೇ ಚಾನೆಲ್, ಮೊದಲು ಯಜಮಾನರು

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಮುಂಬಯಿ ಪಕ್ಕದ ಠಾಣೆ ನಗರದಲ್ಲಿ ಹದಿನೆಂಟು ಜನರ ಕಚೇರಿ, ಕೆಲಸವೆಲ್ಲ ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆಯುತ್ತಿದೆ, ಇನ್ನು ಕಚೇರಿಯ ಮಾತುಕತೆಗೆಂದೇ ಇರುವ ಸ್ಲ್ಯಾಕ್ ಎಂಬ ಆ್ಯಪ್ ಬಳಸೋಣ ಎಂದು ಯಜಮಾನರು ಹೇಳಿ ಅದರ ಹೊಣೆಯನ್ನು ನಿಮ್ಮ ತಲೆಗೆ ಕಟ್ಟಿದ್ದಾರೆ. ಎಲ್ಲಿಂದ ಶುರುಮಾಡಬೇಕು, ಹಳೆಯ ಗುಂಪನ್ನು ಏನು ಮಾಡಬೇಕು ಎಂದು ಕೇಳಿದ್ದೀರಿ. ಆ್ಯಪನ್ನು ಹಾಕಿಕೊಳ್ಳುವುದು ಹತ್ತು ನಿಮಿಷದ ಕೆಲಸ, ಅದಕ್ಕೆ ಯಾರ ಸಲಹೆಯೂ ಬೇಡ. ಶುರುಮಾಡಬೇಕಾದದ್ದು ನಿಮ್ಮ ಯಜಮಾನರಿಂದ. ಯಾಕೆ ಎಂದು ನನ್ನ ಕಥೆಯಿಂದಲೇ ಹೇಳುತ್ತೇನೆ.

ನಾನಿರುವುದು ಮುಂಬಯಿಯ ಬಲ್ಲಾರ್ಡ್ ಎಸ್ಟೇಟಿನ ಒಂದು ಕಸ್ಟಮ್ಸ್ ಕ್ಲಿಯರಿಂಗ್ ಕಚೇರಿಯಲ್ಲಿ. ಹಡಗಿನಲ್ಲಿ ಬಂದ ಸರಕಿಗೆ ಬಿಲ್ ಆಫ್ ಎಂಟ್ರಿ ಎಂಬ ಆಮದು ಘೋಷಣೆಯ ಪತ್ರ ಹಾಕಿ, ಸುಂಕ ಕಟ್ಟಿಸಿ, ಕಂಟೇನರ್ ಬಿಡಿಸಿಕೊಡುವುದು ನಮ್ಮ ಕಸುಬು. ಒಟ್ಟು ಇಪ್ಪತ್ತೆರಡು ಜನ. ಅರ್ಧದಷ್ಟು ಮಂದಿ ಕಚೇರಿಯಲ್ಲಿ, ಆರೇಳು ಹುಡುಗರು ನೀರಿನಾಚೆ ನ್ಹಾವಾ ಶೇವಾ ಬಂದರಿನಲ್ಲಿ, ಮೂವರು ಸಹಾರ್ ವಿಮಾನ ಕಾರ್ಗೋದಲ್ಲಿ, ಉಳಿದವರು ಯಾವ ಹೊತ್ತಿಗೆ ಯಾವ ಲೋಕಲ್ ರೈಲಿನಲ್ಲಿ ನೇತಾಡುತ್ತಿರುತ್ತಾರೋ ದೇವರಿಗೇ ಗೊತ್ತು. ಧನಿಗಳು ಕಾರ್ಕಳದ ಕಡೆಯವರು, ಅರವತ್ತೆಂಟು ದಾಟಿದವರು. ಇಡೀ ಕಚೇರಿ ಅವರ ಫೋನ್ ಕರೆಯ ಮೇಲೆ ನಡೆಯುತ್ತಿತ್ತು.

ಕೆಲವು ವರ್ಷಗಳ ಹಿಂದಿನ ಗಣೇಶ ಚೌತಿಯ ಮಾತು. ಸರಕನ್ನು ಬಿಟ್ಟುಕೊಡಿ ಎಂದು ಹಡಗು ಕಂಪನಿ ಕೊಡುವ ಡೆಲಿವರಿ ಆರ್ಡರಿಗೆ, ನಮ್ಮ ಬಾಯಲ್ಲಿ ಡಿ.ಒ.ಗೆ, ಒಂದು ಗಡುವು ಇರುತ್ತದೆ. ಅದು ಮೀರಿದರೆ ಕಂಟೇನರಿಗೆ ದಿನಕ್ಕಿಷ್ಟು ಎಂದು ಡಿಟೆನ್ಷನ್ ಎಂಬ ದಂಡ ತೆರಬೇಕು. ಹಬ್ಬದ ಬೆಳಿಗ್ಗೆ ಬಂದರಿನ ಹುಡುಗ ಗುಂಪಿನಲ್ಲಿ ಸರಿಯಾಗಿಯೇ ಬರೆದಿದ್ದ: ನಾಳೆಗೆ ಡಿ.ಒ. ಮುಗಿಯುತ್ತದೆ, ನವೀಕರಿಸಬೇಕು. ಅವನ ಮಾತಿನ ಮೇಲೆ ಅರ್ಧ ಗಂಟೆಯೊಳಗೆ ಮೂವತ್ತೋ ನಲವತ್ತೋ ಗಣಪತಿಗಳು ಬಂದು ಕುಳಿತರು. ಮುಂಬಯಿ ಲಾಲ್‌ಬಾಗಿನ ಗಣಪತಿ, ಮನೆಯ ಗಣಪತಿ, ಮೋದಕ, ಅದಕ್ಕೆಲ್ಲ ಕೈಮುಗಿದ ಚಿತ್ರಗಳು. ಆ ಒಂದು ಸಾಲನ್ನು ಓದಬೇಕಾದವರು ಓದಲೇ ಇಲ್ಲ. ಗ್ರಾಹಕರು ದಂಡ ಕಟ್ಟುವುದಿಲ್ಲ ಎಂದರು, ಅದೂ ನ್ಯಾಯವೇ. ಧನಿಗಳು ತಮ್ಮ ಜೇಬಿನಿಂದ ಕಟ್ಟಿದರು. ಮಾರನೆಯ ವಾರ ಸ್ಲ್ಯಾಕ್ ತನ್ನಿ ಎಂದರು. ತರುವ ಕೆಲಸ, ನಿಮ್ಮ ಹಾಗೆಯೇ, ನನ್ನ ಪಾಲಿಗೆ ಬಂತು.

ಮೊದಲ ಸಲ ನಾನು ಮಾಡಿದ್ದು ಶುದ್ಧ ಪೆದ್ದುತನ. ಒಂದು ಭಾನುವಾರ ಕುಳಿತು ಹತ್ತೊಂಬತ್ತು ಚಾನೆಲ್, ಅಂದರೆ ಒಂದೊಂದು ವಿಷಯಕ್ಕೆ ಒಂದೊಂದು ಮಾತಿನ ಜಾಗ, ತೆರೆದೆ. ಆಮದಿಗೆ ಒಂದು, ರಫ್ತಿಗೆ ಒಂದು, ಲೆಕ್ಕಕ್ಕೆ, ಲಾರಿಗೆ, ರಜೆಗೆ, ಕೊನೆಗೆ ಚಹಾದ ಬಾಬ್ತಿಗೂ ಒಂದು. ಎಲ್ಲರನ್ನೂ ಎಲ್ಲದಕ್ಕೂ ಸೇರಿಸಿ, ಎರಡು ಪುಟದ ನಿಯಮಾವಳಿ ಬರೆದು ಅಂಟಿಸಿದೆ. ಸೋಮವಾರ ಎಲ್ಲರೂ ನಮಸ್ಕಾರ ಹಾಕಿದರು. ಮಂಗಳವಾರ ಮೂವರು ಬರೆದರು. ಶುಕ್ರವಾರದ ಹೊತ್ತಿಗೆ ಅಲ್ಲಿ ಬರೆಯುತ್ತಿದ್ದವನು ನಾನೊಬ್ಬನೇ, ಓದುತ್ತಿದ್ದವನೂ ನಾನೇ.

ತಪ್ಪು ಎಲ್ಲಿದೆ ಎಂದು ಹೊಳೆದದ್ದು ಕಂಪ್ಯೂಟರಿನ ಮುಂದಲ್ಲ, ಮಾಟುಂಗದ ಒಂದು ಹೋಟೆಲಿನಲ್ಲಿ ಉಪ್ಪಿಟ್ಟು ತಿನ್ನುವಾಗ. ನಾನು ಹುಡುಗನಾಗಿದ್ದಾಗ ಹಗಲು ಮುಂಬಯಿಯ ಕೋಟೆ (ಫೋರ್ಟ್) ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದವನು. ಹೋಟೆಲಿನ ವ್ಯವಸ್ಥೆ ಕಣ್ಣಿಗೆ ಕಟ್ಟಿದ ಹಾಗಿದೆ. ಸಪ್ಲಾಯರ್ ಮಸಾಲೆದೋಸೆಯನ್ನು ಕಾವಲಿಯ ಕಿಂಡಿಗೆ ಕೂಗುತ್ತಾನೆ, ಕಾಫಿಯನ್ನು ಕಾಫಿಯ ಕಿಂಡಿಗೆ, ಬಿಲ್ಲನ್ನು ಗಲ್ಲೆಗೆ. ಕಾವಲಿಯ ಭಟ್ಟರಿಗೆ ಕಾಫಿಯ ಲೆಕ್ಕ ಕೇಳಿಸುವುದೇ ಬೇಡ. ಚಾನೆಲ್ ಎಂದರೆ ಇದೇ ಕಿಂಡಿ. ಆದರೆ ಭಟ್ಟರು ನಿಂತಿರದ ಕಿಂಡಿಗೆ ಯಾವ ಸಪ್ಲಾಯರ್ ಕೂಗುತ್ತಾನೆ? ನಾನು ಹತ್ತೊಂಬತ್ತು ಕಿಂಡಿ ಕೊರೆದಿದ್ದೆ, ಒಂದರ ಹಿಂದೆಯೂ ಆಳಿರಲಿಲ್ಲ. ಧನಿಗಳು ಆಗಲೂ ಫೋನಿನಲ್ಲೇ ಕೇಳುತ್ತಿದ್ದರು. ಅವರು ಎಲ್ಲಿ ಕೇಳುತ್ತಾರೋ ಹುಡುಗರು ಅಲ್ಲಿಯೇ ಉತ್ತರಿಸುತ್ತಾರೆ, ಇದರಲ್ಲಿ ಹುಡುಗರ ತಪ್ಪೇನೂ ಇಲ್ಲ.

ಎರಡನೆಯ ಸಲ ಎಲ್ಲವನ್ನೂ ಮುಚ್ಚಿ ಒಂದೇ ಚಾನೆಲ್ ಇಟ್ಟೆ, ನ್ಹಾವಾ ಶೇವಾದ ಆಮದಿಗೆ. ಹೆಚ್ಚು ನೋವು ಇರುವ ಜಾಗ ಅದು, ಅದಕ್ಕೇ. ನಿಮ್ಮ ಕಚೇರಿಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ, ಯಾವುದು ಎಂದು ಹುಡುಕಿಕೊಳ್ಳಿ. ಆಮೇಲೆ ಧನಿಗಳ ಕೋಣೆಗೆ ಹೋಗಿ, ಧನಿ, ಇದೊಂದು ವಾರ ಬಂದರಿನ ವಿಷಯವನ್ನು ಫೋನಿನಲ್ಲಿ ಕೇಳಬೇಡಿ, ಇಲ್ಲೇ ಕೇಳಿ ಎಂದೆ. ಅವರು ಮೊಬೈಲನ್ನು ನನ್ನ ಕಡೆಗೆ ಚಾಚಿ, ನೀನೇ ಟೈಪ್ ಮಾಡು ಎಂದರು. ನಾನು ತೆಗೆದುಕೊಳ್ಳಲಿಲ್ಲ. ಕೀಲಿಮಣೆಯ ಮೈಕ್ ಗುರುತನ್ನು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ತಮ್ಮ ಮುಂಬಯಿ ಹಿಂದಿಯಲ್ಲಿ ಪುಣೆ ಪಾರ್ಟಿಯ ಗಾಡಿ ಎಲ್ಲಿಗೆ ಬಂತು ಎಂದು ಕೂಗಿದರು, ನ್ಹಾವಾ ಶೇವಾಕ್ಕೆ ನೇರವಾಗಿ ಕೇಳಿಸುವ ಹಾಗೆ. ಅಕ್ಷರಗಳು ಮೂಡಿದವು. ಎರಡು ನಿಮಿಷದಲ್ಲಿ ಉತ್ತರ ಬಂತು, ಜೊತೆಗೆ ಗೇಟಿನ ಫೋಟೋ. ಧನಿಗಳು ಏನೂ ಹೇಳಲಿಲ್ಲ, ಇನ್ನೊಂದು ಪ್ರಶ್ನೆ ಕೇಳಿದರು. ಆ ದಿನದಿಂದ ಯಾರಿಗೂ ನಿಯಮ ಹೇಳುವ ಅಗತ್ಯ ಬೀಳಲಿಲ್ಲ. ಎರಡನೆಯ ಚಾನೆಲ್ ಮೂರು ವಾರದ ನಂತರ ತೆರೆದೆವು, ಅದೂ ಲೆಕ್ಕದ ಮೇಡಂ ತಾವಾಗಿಯೇ ಕೇಳಿದ ಮೇಲೆ.

ಇನ್ನು ಬಳಸುವ ಬಗೆ. ಹೊಸಬರು ಎಡವುವುದು ಥ್ರೆಡ್ ಎಂಬಲ್ಲಿ. ಬಂದ ಸಂದೇಶದ ಕೆಳಗೆ ಅದಕ್ಕೇ ಸೇರಿದ ಹಾಗೆ ಉತ್ತರ ಬರೆಯುವುದಕ್ಕೆ ಥ್ರೆಡ್ ಎನ್ನುತ್ತಾರೆ. ನಮ್ಮಲ್ಲಿ ಒಂದು ಕಂಟೇನರಿಗೆ ಒಂದು ಥ್ರೆಡ್. ಮೊದಲ ಸಂದೇಶದಲ್ಲಿ ಕಂಟೇನರ್ ಸಂಖ್ಯೆ, ಪಾರ್ಟಿಯ ಹೆಸರು, ಡಿ.ಒ. ಗಡುವು, ಇಷ್ಟೇ. ಅದರ ಅಡಿಯಲ್ಲಿ ಅಸೆಸ್‌ಮೆಂಟ್ (ಸುಂಕದ ಲೆಕ್ಕ) ಆಯಿತು, ಸುಂಕ ಕಟ್ಟಿದೆ, ಪರೀಕ್ಷೆಗೆ ಹಾಕಿದ್ದಾರೆ, ಔಟ್ ಆಫ್ ಚಾರ್ಜ್ (ಸರಕು ಬಿಡಲು ಕಸ್ಟಮ್ಸಿನ ಒಪ್ಪಿಗೆ) ಸಿಕ್ಕಿತು ಎಂದು ಒಂದೊಂದೇ ಸಾಲು ಬೆಳೆಯುತ್ತದೆ. ಥ್ರೆಡ್ಡಿನೊಳಗಿನ ಮಾತು ಅದರಲ್ಲಿ ಭಾಗವಹಿಸಿದವರಿಗೆ ಅಥವಾ ಹೆಸರು ಹಿಡಿದು ಕರೆದವರಿಗೆ ಮಾತ್ರ ಗಂಟೆ ಬಾರಿಸುತ್ತದೆ, ಉಳಿದವರು ನೆಮ್ಮದಿಯಾಗಿರುತ್ತಾರೆ. ಎಲ್ಲರಿಗೂ ಕಾಣಲೇಬೇಕಾದ ಸಾಲು ಇದ್ದರೆ ಉತ್ತರ ಬರೆಯುವ ಜಾಗದ ಕೆಳಗೆ ಚಾನೆಲ್ಲಿಗೂ ಕಳುಹಿಸು ಎಂಬ ಚಿಕ್ಕ ಚೌಕವಿದೆ. ಔಟ್ ಆಫ್ ಚಾರ್ಜ್ ಸಿಕ್ಕಾಗ ಮಾತ್ರ ನಾವು ಅದನ್ನು ಒತ್ತುತ್ತೇವೆ. ‘ಸರಿ’, ‘ನೋಡಿದೆ’ ಎಂದು ಬರೆಯುವ ಅಭ್ಯಾಸವನ್ನು ಸಂದೇಶದ ಕೆಳಗೆ ಅಂಟಿಸುವ ಇಮೋಜಿ ಚಿತ್ರಗಳು ತಪ್ಪಿಸಿದವು: ಕಣ್ಣಿನ ಗುರುತು ಹಾಕಿದರೆ ಕೆಲಸವನ್ನು ನಾನು ಎತ್ತಿಕೊಂಡಿದ್ದೇನೆ ಎಂದು, ಹಸಿರು ಸರಿ ಗುರುತು ಹಾಕಿದರೆ ಮುಗಿಯಿತು ಎಂದು.

ಒಂದು ಎಚ್ಚರ. ಕಂಟೇನರ್ ಸಂಖ್ಯೆ ಎಂದರೆ ನಾಲ್ಕು ಅಕ್ಷರ, ಏಳು ಅಂಕೆ. ಬಾಯಿಮಾತಿನಲ್ಲಿ ನಾವೆಲ್ಲ ಕೊನೆಯ ನಾಲ್ಕು ಅಂಕೆಗಳನ್ನಷ್ಟೇ ಹೇಳುವುದು. ಹಾಗೆಯೇ ಬರೆದುಬಿಟ್ಟರೆ ನಾಳೆ ಪೂರ್ತಿ ಸಂಖ್ಯೆ ಹಾಕಿ ಹುಡುಕುವವರಿಗೆ ಆ ಸಂದೇಶ ಸಿಗುವುದಿಲ್ಲ. ಫೋಟೋ ಹಾಕುವಾಗಲೂ ಜೊತೆಗೆ ಪೂರ್ತಿ ಸಂಖ್ಯೆ ಬರೆಯಬೇಕು. ಸ್ಲ್ಯಾಕ್ ಎಂಬ ಹೆಸರೇ, ಎಲ್ಲ ಮಾತುಕತೆ ಮತ್ತು ತಿಳಿವಳಿಕೆಯ ಹುಡುಕಬಲ್ಲ ದಾಖಲೆ ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಆದದ್ದಂತೆ. ಒಂದು ಕಂಪ್ಯೂಟರ್ ಆಟವನ್ನು ಕಟ್ಟುತ್ತಿದ್ದ ಕಂಪನಿ ತನ್ನ ಒಳಗಿನ ಬಳಕೆಗೆ ಮಾಡಿಕೊಂಡ ಸಾಧನ ಇದು. ಆಟ 2012ರಲ್ಲಿ ನಿಂತುಹೋಯಿತು, ಸಾಧನ 2014ರಲ್ಲಿ ಎಲ್ಲರಿಗೂ ತೆರೆದುಕೊಂಡಿತು, 2021ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಕೊಂಡುಕೊಂಡಿತು. ಆದರೆ ಇಂಗ್ಲಿಷಿನಲ್ಲಿ ಆ ಪದಕ್ಕೆ ಸಡಿಲ, ಸೋಮಾರಿ ಎಂಬ ಅರ್ಥವೂ ಇದೆಯಲ್ಲ, ಧನಿಗಳು ಹೆಸರು ಕೇಳಿದ ದಿನ ಬಹಳ ಹೊತ್ತು ನಕ್ಕಿದ್ದರು.

ಹುಡುಕುವ ಮಾತು ಬಂದದ್ದರಿಂದ ಹಣದ ವಿಷಯವನ್ನೂ ಹೇಳಿಬಿಡಬೇಕು. ಉಚಿತ ಯೋಜನೆಯಲ್ಲಿ ಕಾಣುವುದು ಕಳೆದ 90 ದಿನಗಳ ಸಂದೇಶ ಮತ್ತು ಕಡತಗಳು ಮಾತ್ರ. ಒಂದು ವರ್ಷಕ್ಕಿಂತ ಹಳೆಯದು ಅಳಿದೇಹೋಗುತ್ತದೆ, ಆಮೇಲೆ ದುಡ್ಡು ಕೊಟ್ಟರೂ ಬಾರದು. ನಮ್ಮ ಕಸುಬಿನಲ್ಲಿ ಕಸ್ಟಮ್ಸ್ ಬ್ರೋಕರುಗಳು ದಾಖಲೆಗಳನ್ನು ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕೆಂದು 2018ರ ನಿಯಮ ಹೇಳುತ್ತದೆ. ತೊಂಬತ್ತು ದಿನದ ಕಪಾಟಿನಲ್ಲಿ ಐದು ವರ್ಷದ ಕಾಗದ ಇಡುವುದು ಹೇಗೆ? ಆದ್ದರಿಂದ ಕೆಲಸ ಮುಗಿದ ಕೂಡಲೇ ಬಿಲ್ ಆಫ್ ಎಂಟ್ರಿ, ಸುಂಕದ ಚಲನ್, ಡಿ.ಒ. ಎಲ್ಲವೂ ಕಚೇರಿಯ ಸರ್ವರಿಗೆ ಹೋಗುತ್ತವೆ. ಸ್ಲ್ಯಾಕಿನಲ್ಲಿ ನಡೆಯುವುದು ಮಾತು, ಕಾಗದ ಉಳಿಯುವುದು ಬೇರೆ ಕಡೆ. ನಿಮ್ಮ ಹದಿನೆಂಟು ಜನಕ್ಕೆ ಮೊದಲ ಮೂರು ತಿಂಗಳು ಉಚಿತವೇ ಸಾಕು ಎಂಬುದು ನನ್ನ ಅಭಿಪ್ರಾಯ. ಉಚಿತದಲ್ಲಿ ಒಂದೇ ಸಲಕ್ಕೆ ಇಬ್ಬರೇ ಧ್ವನಿಕರೆಯಲ್ಲಿ ಮಾತಾಡಬಹುದು, ಹೊರಗಿನ ಗ್ರಾಹಕರನ್ನು ಅತಿಥಿಗಳಾಗಿ ಸೇರಿಸಿಕೊಳ್ಳಲು ಆಗುವುದಿಲ್ಲ. ಇವು ಬೇಕೇಬೇಕು ಎನಿಸಿದಾಗ ಯಜಮಾನರ ಹತ್ತಿರ ಹಣದ ಮಾತು ಎತ್ತಿ.

ಗಂಟೆ ಬಾರಿಸುವ ಕಾಟವನ್ನು ಮೊದಲ ದಿನವೇ ತಿದ್ದಿಕೊಡಿ, ಇಲ್ಲವಾದರೆ ಜನ ಆ್ಯಪನ್ನೇ ತೆಗೆದುಹಾಕುತ್ತಾರೆ. ಒಬ್ಬೊಬ್ಬರ ಮೊಬೈಲನ್ನೂ ಕೈಗೆ ತೆಗೆದುಕೊಂಡು ಮಾಡಿಕೊಡಬೇಕು, ಕಾಗದದಲ್ಲಿ ಬರೆದು ಕೊಟ್ಟರೆ ಯಾರೂ ಮಾಡುವುದಿಲ್ಲ. ತಮ್ಮ ಹೆಸರು ಬಂದರೆ, ನೇರ ಸಂದೇಶ ಬಂದರೆ, ಅಥವಾ ತಾವು ಆರಿಸಿದ ಪದ ಬಂದರೆ ಮಾತ್ರ ಸದ್ದಾಗಲಿ ಎಂದು ಇಡಬಹುದು. ಈ ಪದದ ಸೌಲಭ್ಯವನ್ನು ಯಾರೂ ಗಮನಿಸುವುದಿಲ್ಲ, ನಮಗೆ ಅದೇ ಚಿನ್ನ. ಲೆಕ್ಕದ ಮೇಡಂ ಅವರ ಪದ ‘ಚಲನ್’. ನನ್ನದು ‘ಡಿಟೆನ್ಷನ್’. ನೂರು ಸಂದೇಶ ಬಂದರೂ ಮೊಬೈಲ್ ತೆಪ್ಪಗಿರುತ್ತದೆ, ಆ ಒಂದು ಪದ ಬಂದರೆ ಎಚ್ಚರಿಸುತ್ತದೆ. ಇಡೀ ಚಾನೆಲ್ಲನ್ನು ಕರೆಯುವ @ಚಾನೆಲ್ ಎಂಬುದು ರಜೆಯಲ್ಲಿ ಊರಿಗೆ ಹೋದವನನ್ನೂ ಕರೆಯುತ್ತದೆ. @ಹಿಯರ್ ಎಂದರೆ ಆ ಹೊತ್ತಿಗೆ ಆ್ಯಪಿನಲ್ಲಿ ಸಕ್ರಿಯರಾಗಿರುವವರಿಗೆ ಮಾತ್ರ. ಎರಡನ್ನೂ ಇಂಗ್ಲಿಷಿನಲ್ಲಿ ಟೈಪಿಸಬೇಕು, ಅಪರೂಪಕ್ಕೆ ಬಳಸಬೇಕು. ರಾತ್ರಿ ಹನ್ನೊಂದಕ್ಕೆ ಏನೋ ನೆನಪಾಗಿ ಬರೆಯುವ ಯಜಮಾನರಿದ್ದರೆ, ಕಂಪ್ಯೂಟರಿನಲ್ಲಿ ಕಳುಹಿಸುವ ಗುಂಡಿಯ ಪಕ್ಕದ ಬಾಣದಲ್ಲಿ ನಾಳೆ ಬೆಳಿಗ್ಗೆಗೆ ನಿಗದಿಮಾಡುವುದನ್ನು ಕಲಿಸಿಬಿಡಿ. ಮನೆಗಳಲ್ಲಿ ಶಾಂತಿ ಇರುತ್ತದೆ.

ಭಾಷೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೆನುಗಳು ಕನ್ನಡದಲ್ಲಿಲ್ಲ, ಮರಾಠಿಯಲ್ಲೂ ಇಲ್ಲ. ಬರೆಯುವುದನ್ನು ಯಾವ ಲಿಪಿಯಲ್ಲಾದರೂ ಬರೆಯಬಹುದು. ಉರಣ, ಪನ್ವೇಲದ ನಮ್ಮ ಹುಡುಗರು ಮರಾಠಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಧನಿಗಳದು ಹಿಂದಿ, ನನ್ನದು ಮೂರರ ಚಿತ್ರಾನ್ನ. ಯಾರನ್ನೂ ತಿದ್ದಲು ಹೋಗಲಿಲ್ಲ. ಸಂಖ್ಯೆಯೊಂದು ಸರಿಯಾಗಿದ್ದರೆ ಸಾಕು. ಬಂದರಿನ ಹಿರಿಯರೊಬ್ಬರು ಬರೆಯುವುದೇ ಇಲ್ಲ, ಧ್ವನಿ ತುಣುಕು ಕಳುಹಿಸುತ್ತಾರೆ. ಅದರ ಕೆಳಗೆ ಕೇಳಿದವರು ಒಂದು ಸಾಲು ಬರೆದಿಡುತ್ತಾರೆ.

ಶುರುಮಾಡಲು ಸೋಮವಾರ ಬೇಡ, ತಿಂಗಳ ಕೊನೆಯಂತೂ ಬೇಡವೇ ಬೇಡ. ಗುರುವಾರ ಮಧ್ಯಾಹ್ನ ಊಟದ ಮೇಲೆ, ನಿಮ್ಮ ಯಜಮಾನರ ಪಕ್ಕದಲ್ಲಿ ಕುಳಿತು, ಮೊದಲ ಸಂದೇಶವನ್ನು ಅವರ ಕೈಯಿಂದಲೇ ಹಾಕಿಸಿ. ಸ್ವಾಗತದ ಮಾತು ಬೇಡ. ಆ ದಿನದ ಒಂದು ನಿಜವಾದ ಕೆಲಸದ ಪ್ರಶ್ನೆ ಇರಲಿ, ಯಾರಿಗೋ ಉತ್ತರಿಸಲೇಬೇಕಾದದ್ದು.

ಹಳೆಯ ವಾಟ್ಸ್‌ಆ್ಯಪ್ ಗುಂಪನ್ನು ಅಳಿಸಬೇಡಿ. ಗಣಪತಿಗಳು ಎಲ್ಲಿಗೆ ಹೋಗಬೇಕು? ನಮ್ಮದು ಈಗಲೂ ಇದೆ. ಹೂವು, ಶುಭೋದಯ, ಮೊಮ್ಮಕ್ಕಳ ನಾಮಕರಣ ಎಲ್ಲವೂ ಅಲ್ಲೇ. ಕಳೆದ ತಿಂಗಳು ಧನಿಗಳೇ ಮರೆತು ಒಂದು ಕಂಟೇನರಿನ ವಿಷಯವನ್ನು ಅಲ್ಲಿ ಕೇಳಿದರು. ಬಂದರಿನ ಹುಡುಗ ಅದರ ಕೆಳಗೆ ಒಂದು ಗುಲಾಬಿಯ ಚಿತ್ರ ಹಾಕಿ ಸುಮ್ಮನಾದ. ಉತ್ತರವನ್ನು ಥ್ರೆಡ್ಡಿನಲ್ಲಿ ಬರೆದಿದ್ದ.