ಗ್ರೂಪ್ ಏನೋ ತುಂಬ್ತು, ಉತ್ತರ ಎಲ್ಲೋಯ್ತು?

ಪ್ರಶ್ನೆ: ನಮ್ದು ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪ್ ಸರ್, 1024 ಜನ ಆಗಿ ಫುಲ್ ಆಗೋಯ್ತು, ಹೊಸಬ್ರನ್ನ ಸೇರಿಸೋಕಾಗ್ತಿಲ್ಲ. ಮಳೆಗಾಲ ಬಂದ್ರೆ ಸಾಕು, ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಸುಣ್ಣ ಎಷ್ಟು ಅಂತ ದಿನಾ ಒಬ್ರು ಕೇಳ್ತಾರೆ, ನಾವೂ ದಿನಾ ಹೇಳ್ತೀವಿ. ಟೆಲಿಗ್ರಾಂಗೆ ಹೋಗೋದಾ, ಸ್ವಂತದ್ದೊಂದು ಪ್ರಶ್ನೋತ್ತರ ಸೈಟ್ ಮಾಡೋದಾ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಜಾಗ ಸಾಲ್ತಿಲ್ಲ ಅನ್ನೋದಷ್ಟೇ ಆಗಿದ್ರೆ ಟೆಲಿಗ್ರಾಂ ಸಾಕಿತ್ತು ಸರ್, ಅಲ್ಲಿ ಒಂದು ಗ್ರೂಪ್‌ಗೆ 2 ಲಕ್ಷ ಜನ ಹಿಡೀತಾರೆ. ಆದ್ರೆ ನಿಮ್ಮ ತಲೆನೋವು ಅದಲ್ವಲ್ಲ. 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆಜಿ, ಸುಣ್ಣ 1 ಕೆಜಿ, ಕತ್ತಿ ಅದ್ದಿದಾಗ ಕೆಂಪಗೆ ತಾಮ್ರ ಹತ್ಕೊಂಡ್ರೆ ಇನ್ನೊಂಚೂರು ಸುಣ್ಣ, ಇಷ್ಟನ್ನ ಯಾರೋ ಚೆನ್ನಾಗೇ ಬರೆದಿರ್ತಾರೆ, ಮಧ್ಯಾಹ್ನದೊಳಗೆ ಅದರ ಮೇಲೆ ಗುಡ್ ಮಾರ್ನಿಂಗು, ಗೃಹಪ್ರವೇಶದ ಕಾಗದ, ಮಾರ್ಕೆಟ್ ರೇಟು ಎಲ್ಲ ಬಂದು ಕೂತಿರುತ್ತೆ. ಟೆಲಿಗ್ರಾಂನಲ್ಲಿ ಟಾಪಿಕ್ ಅಂತ ಬೇರೆಬೇರೆ ಮಾಡ್ಕೋಬಹುದು, ಸ್ವಲ್ಪ ವಾಸಿ ಅಷ್ಟೇ.

ಸ್ವಂತ ಸೈಟ್‌ಗಾದ್ರೆ ಡಿಸ್ಕೋರ್ಸ್ ಅಂತ ಚರ್ಚೆ-ಪ್ರಶ್ನೋತ್ತರದ ಸಾಫ್ಟ್‌ವೇರ್ ಒಂದಿದೆ, 2013ರಲ್ಲಿ ಬಂದಿದ್ದು, ಅದು ಫ್ರೀ, ಆದ್ರೆ ಸರ್ವರ್ ಬಾಡಿಗೆ ಕಟ್ಬೇಕು, ಅಪ್ಡೇಟು ಬ್ಯಾಕಪ್ಪು ನೋಡ್ಕೊಳೋಕೆ ಒಬ್ಬ ಹುಡುಗ ಬೇಕು. ತಲೆಬರಹ ಟೈಪ್ ಮಾಡ್ತಿದ್ದಂಗೇ ಅಂಥದ್ದೇ ಹಳೇ ಪ್ರಶ್ನೆ ಇದ್ರೆ ತೋರಿಸುತ್ತೆ, ಲಾಗಿನ್ ಇಲ್ದೆ ಓದೋಕೆ ಬಿಟ್ರೆ ಗೂಗಲ್‌ಗೂ ಸಿಗುತ್ತೆ. ನಾನಾದ್ರೆ ಇದನ್ನೇ ಆರಿಸ್ತೀನಿ. ಪ್ರೋಗ್ರಾಂ ಬರೆಯೋರ ಪ್ರಶ್ನೋತ್ತರ ಸೈಟ್ ಸ್ಟಾಕ್ ಓವರ್‌ಫ್ಲೋ ಥರ ಓಟು ಜಾಸ್ತಿ ಬಿದ್ದ ಉತ್ತರ ಮೇಲೆ ಬರೋ ವ್ಯವಸ್ಥೆ ನಿಮಗೆ ಬೇಡ, ಕೋಡ್ ಆದ್ರೆ ಓಡುತ್ತೋ ಇಲ್ವೋ ತಕ್ಷಣ ಗೊತ್ತಾಗುತ್ತೆ, ಎಲೆಚುಕ್ಕಿ ರೋಗಕ್ಕೆ ಹೊಡೆದ ಮದ್ದು ಹಂಗಲ್ಲ, ಊರಿನ ದೊಡ್ಡೋರು ಏನ್ ಹೇಳಿದ್ರೂ ಎಲ್ರೂ ಲೈಕ್ ಒತ್ತಿಬಿಡ್ತಾರೆ.

ಇನ್ನೊಂದು ತೊಡಕಿದೆ. ಒಬ್ರು ಅಡಿಕೆ ಅಂತ ಬರೀತಾರೆ, ಇನ್ನೊಬ್ರು ಅಡಕೆ, ಮತ್ತೊಬ್ರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಹಿರಿಯರದ್ದೆಲ್ಲ ವಾಯ್ಸ್ ಮೆಸೇಜು, ಹುಡುಕೋಕೆ ಹೋದ್ರೆ ಇವೆಲ್ಲ ಒಟ್ಟಿಗೆ ಸಿಗಲ್ಲ. ದಿನಾ ಅರ್ಧ ಗಂಟೆ ಕೂತು ತಲೆಬರಹ ತಿದ್ದೋಕೆ, ವಾಯ್ಸ್ ಕೇಳಿ ಎರಡು ಸಾಲು ಟೈಪ್ ಮಾಡೋಕೆ ಇಬ್ರು ಸಿಕ್ತಾರಾ ನೋಡಿ, ಸಿಗದಿದ್ರೆ ಸೈಟಿಗೆ ದುಡ್ಡು ಹಾಕ್ಲೇಬೇಡಿ. ಸಿಕ್ರೂ ವಾಟ್ಸಾಪ್ ಮುಚ್ಬೇಡಿ, ಹರಟೆ ಅಲ್ಲೇ ಇರ್ಲಿ. ಆ ಚಾಟನ್ನ ಎಕ್ಸ್‌ಪೋರ್ಟ್ ಮಾಡಿ, ಪದೇ ಪದೇ ಬಂದ 20-30 ಪ್ರಶ್ನೆ ಹೆಕ್ಕಿ ಉತ್ತರ ಸಮೇತ ಸೈಟಲ್ಲಿ ಮೊದ್ಲೇ ಹಾಕಿಡಿ, ಈ ಮಳೆಗಾಲಕ್ಕೆ ಬೋರ್ಡೋ ಕೇಳಿದೋರಿಗೆ ಆ ಲಿಂಕ್ ಒಂದೇ ಕಳ್ಸಿ ನೋಡಿ.