ಕ್ಯಾಶುಯಲ್ಟಿ ಯಾಕೆ ಯಾವಾಗಲೂ ತುಂಬಿರುತ್ತದೆ? ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಪ್ರಶ್ನೆ: ಅಪ್ಪನಿಗೆ ಜ್ವರ, ವಾಂತಿ ಅಂತ ರಾತ್ರಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಕ್ಯಾಶುಯಲ್ಟಿಯಲ್ಲಿ ಕಾಲಿಡಲು ಜಾಗವಿಲ್ಲ, ಸ್ಟ್ರೆಚರ್ ಮೇಲೂ ಜನ, ನೆಲದ ಮೇಲೂ ಜನ. ನಮಗಿಂತ ತಡವಾಗಿ ಬಂದ ಹುಡುಗನನ್ನು ಮೊದಲು ಒಳಗೆ ಕರೆದರು. ನೆಗಡಿ, ಕೆಮ್ಮು ಅಂತ ಬರುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಿದರೆ ಈ ಗತಿ ಬರುತ್ತಿರಲಿಲ್ಲ, ಅಲ್ವಾ ಸರ್?
(ಓದುಗರು, ತುಮಕೂರು)

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ನೆಗಡಿಯವರಿಂದ ಆಗುವ ತೊಂದರೆ ಕಡಿಮೆ. ನೋಡುತ್ತೇವೆ, ಮಾತ್ರೆ ಬರೆದುಕೊಡುತ್ತೇವೆ, ಹೋಗುತ್ತಾರೆ. ಹೊರಗಿನ ಕ್ಯೂ ಉದ್ದವಾಗುತ್ತದೆ ನಿಜ, ಆದರೆ ಅವರು ಬೆಡ್ ಹಿಡಿಯುವುದಿಲ್ಲ.

ಬೆಡ್ ಹಿಡಿದಿರುವವರು ಬೇರೆ. ಅವರನ್ನು ಆಗಲೇ ನೋಡಿ ಆಗಿದೆ, ಅಡ್ಮಿಟ್ ಅಂತ ಬರೆದೂ ಆಗಿದೆ. ಮೇಲಿನ ವಾರ್ಡಿನಲ್ಲೋ ಐಸಿಯುನಲ್ಲೋ ಜಾಗವಿಲ್ಲದೆ ಕೆಳಗೇ ಉಳಿದಿದ್ದಾರೆ. ವೆಂಟಿಲೇಟರ್ ಹಾಕಿದ ಒಬ್ಬ ರೋಗಿ ಹೀಗೆ ರಾತ್ರಿಯಿಡೀ ಕ್ಯಾಶುಯಲ್ಟಿಯಲ್ಲೇ ಉಳಿದರೆ ಒಬ್ಬ ಸಿಸ್ಟರ್‌ನ ಇಡೀ ಪಾಳಿ ಅವರ ಹತ್ತಿರವೇ ಕಳೆಯುತ್ತದೆ, ಮಿಕ್ಕವರನ್ನು ನೋಡಿಕೊಳ್ಳುವ ಕೈ ಅಷ್ಟು ಕಡಿಮೆಯಾಯಿತು. ಇನ್ನೂ ಒಂದು ತಮಾಷೆ ಕೇಳಿ. ಒಳಗೆ ಬೆಡ್ ಇಲ್ಲದಿದ್ದರೆ ರೋಗಿಯನ್ನು ಆಂಬ್ಯುಲೆನ್ಸಿನ ಸ್ಟ್ರೆಚರ್ ಮೇಲೇ ಮಲಗಿಸಿರುತ್ತಾರೆ, ಸ್ಟ್ರೆಚರ್ ವಾಪಸ್ ಸಿಗುವವರೆಗೆ 108 ಗಾಡಿ ಗೇಟಿನಲ್ಲೇ ನಿಂತಿರುತ್ತದೆ, ಆ ಹೊತ್ತಿಗೆ ಇನ್ನೆಲ್ಲೋ ಯಾರೋ 108ಕ್ಕೆ ಫೋನ್ ಮಾಡಿ ಗಾಡಿ ಯಾಕೆ ಬರಲಿಲ್ಲ ಅಂತ ಬೈಯುತ್ತಿರುತ್ತಾರೆ.

ಹಾಗಾದರೆ ಮೇಲೆ ಯಾಕೆ ಖಾಲಿಯಾಗುವುದಿಲ್ಲ? ಬೆಳಗಿನ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು "ಮನೆಗೆ ಹೋಗಬಹುದು" ಅಂದಿರುತ್ತಾರೆ. ಆಮೇಲೆ ಡಿಸ್ಚಾರ್ಜ್ ಸಮ್ಮರಿ ಬರೆಯಬೇಕು, ಸರ್ಕಾರಿ ಸ್ಕೀಮಿನ ಪೇಪರ್ ಮುಗಿಯಬೇಕು, ಊರಿಂದ ಮಗ ಗಾಡಿ ತರಬೇಕು. ಬೆಡ್ ಖಾಲಿಯಾಗುವಾಗ ಸಂಜೆ. ಕ್ಯಾಶುಯಲ್ಟಿ ಅಷ್ಟರಲ್ಲಿ ತುಂಬಿರುತ್ತದೆ. ವಾಸಿಯಾದರೂ ಕರೆದುಕೊಂಡು ಹೋಗಲು ಯಾರೂ ಬಾರದ ರೋಗಿಗಳೂ ಇರುತ್ತಾರೆ, ಅವರನ್ನು ಬೀದಿಗೆ ಕಳಿಸಲಾಗುವುದಿಲ್ಲ. ಬ್ರಿಟನ್ನಿನಲ್ಲೂ ಇದೇ ಕಥೆ. ಬಂದ ರೋಗಿಗಳಲ್ಲಿ ಹೆಚ್ಚಿನವರು 4 ಗಂಟೆಯೊಳಗೆ ಅಡ್ಮಿಟ್ ಆಗಬೇಕು, ಇಲ್ಲವೇ ಮನೆಗೋ ಬೇರೆ ಆಸ್ಪತ್ರೆಗೋ ಹೋಗಬೇಕು ಅಂತ ಅಲ್ಲಿ ಗುರಿಯಿದೆ, ವರ್ಷಗಳಿಂದ ಅದನ್ನು ಮುಟ್ಟಲು ಆಗುತ್ತಿಲ್ಲ.

ಕ್ಯಾಶುಯಲ್ಟಿ ಹಾಲ್ ದೊಡ್ಡದು ಮಾಡುತ್ತೇವೆ ಅಂತ ಯಾರಾದರೂ ಅಡಿಗಲ್ಲು ಹಾಕಲು ಬಂದರೆ ನನಗಂತೂ ಖುಷಿಯಾಗುವುದಿಲ್ಲ. ಅದೂ ತುಂಬುತ್ತದೆ. ಮಧ್ಯಾಹ್ನದೊಳಗೆ ಡಿಸ್ಚಾರ್ಜ್ ಆಗುವ ವ್ಯವಸ್ಥೆ ಮಾಡಲಿ, ಸಮ್ಮರಿ ಬರೆಯಲು ಜನ ಕೊಡಲಿ.

ಆ ಹುಡುಗನ ವಿಷಯ. ಮೊದಲು ಬಂದವರಿಗೆ ಮೊದಲು ಅನ್ನುವುದು ಇಲ್ಲಿ ನಡೆಯುವುದಿಲ್ಲ. ಕೆಂಪು, ಹಳದಿ, ಹಸಿರು ಅಂತ ವಿಂಗಡಿಸುತ್ತೇವೆ, ಕೆಂಪು ಅಂದರೆ ತಕ್ಷಣ ನೋಡಬೇಕಾದವರು, ಹಸಿರು ಅಂದರೆ ಕಾಯಬಹುದಾದವರು. ಉಸಿರು, ನಾಡಿ, ಬಿಪಿ, ಪ್ರಜ್ಞೆ ನೋಡಿ ಬಣ್ಣ. ಕಿರುಚುವವರಿಗಿಂತ ಸುಮ್ಮನೆ ಮಲಗಿರುವವರನ್ನು ಕಂಡರೆ ನಮಗೆ ಭಯ ಜಾಸ್ತಿ. ಆದರೆ ಕಾಯುವಾಗ ಹಸಿರು ಕೆಂಪಾಗಬಹುದು. ಮಂಪರು, ಏದುಸಿರು, ಕೈಕಾಲು ತಣ್ಣಗಾಗುವುದು, ಮೂತ್ರ ಹೋಗದಿರುವುದು ಕಂಡರೆ ತಕ್ಷಣ ಸಿಸ್ಟರಿಗೆ ಹೇಳಿ. "ಎಷ್ಟು ಹೊತ್ತಾಯಿತು ಕಾದು" ಅಂತ ಜಗಳಕ್ಕೆ ನಿಂತರೆ ಪ್ರಯೋಜನವಿಲ್ಲ. "ಬಂದಾಗ ಮಾತಾಡುತ್ತಿದ್ದರು, ಈಗ ಮಾತಾಡುತ್ತಿಲ್ಲ" ಅನ್ನಿ, ಓಡಿ ಬರುತ್ತಾರೆ.

ಪ್ರಶ್ನೆ: ನನ್ನ ತಮ್ಮ ಬೈಕಿನಿಂದ ಬಿದ್ದು ತಲೆಗೆ ಏಟಾಯಿತು. ಇಲ್ಲಿನ ಆಸ್ಪತ್ರೆಯವರು ಸ್ಕ್ಯಾನ್ ಮಾಡಿ ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಹೋದ ಕಡೆಯೆಲ್ಲ "ಬೆಡ್ ಇಲ್ಲ, ಬೇರೆ ಕಡೆ ಹೋಗಿ." ಹೀಗೆ ಕಳಿಸಬಹುದಾ?
(ಓದುಗರು, ಚಿತ್ರದುರ್ಗ)

ಕಳಿಸಬಾರದು. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬರನ್ನು ನಿಮ್ಮ ತಮ್ಮನ ಹಾಗೆಯೇ ಸರ್ಕಾರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಅಂತ 1996ರಲ್ಲಿ ತೀರ್ಪು ಬಂತು. ಎಲ್ಲಿ ಬೆಡ್ ಇದೆ ಅಂತ ತಿಳಿದು ರೋಗಿಯನ್ನು ನೇರ ಅಲ್ಲಿಗೇ ಕಳಿಸುವ ಕೇಂದ್ರೀಕೃತ ವ್ಯವಸ್ಥೆ ಬೇಕು ಅಂತಲೂ ಆ ತೀರ್ಪಿನಲ್ಲಿದೆ. ಆದರೂ ಇವತ್ತಿಗೂ ಬೆಡ್ ಹುಡುಕುವ ಕೆಲಸ ರೋಗಿಯ ಅಣ್ಣನಿಗೇ ಬೀಳುತ್ತಿದೆ.

ಮುಂದೆ ಯಾರಿಗಾದರೂ ಹೀಗಾದರೆ ಹೊರಡುವ ಮುಂಚೆ ಎರಡು ಮಾತು ಕೇಳಿ. ಒಂದು, "ಆಪರೇಷನ್ ಬೇಕೇ ಬೇಕಾ?" ತಲೆಗೆ ಏಟು ಬಿದ್ದ ಎಲ್ಲರಿಗೂ ನಿಮ್ಹಾನ್ಸ್ ಬೇಕಾಗಿಲ್ಲ. ಎಷ್ಟೋ ಜನಕ್ಕೆ ಬೇಕಿರುವುದು ನಿಗಾ ಮತ್ತು ಇನ್ನೊಂದು ಸ್ಕ್ಯಾನ್, ಅದು ಜಿಲ್ಲೆಯಲ್ಲೇ ಆಗುತ್ತದೆ. ಎರಡು, "ಅಲ್ಲಿನ ಡ್ಯೂಟಿ ಡಾಕ್ಟರಿಗೆ ನೀವೇ ಫೋನ್ ಮಾಡ್ತೀರಾ?" ಬರೀ ಚೀಟಿ ಹಿಡಿದು ಹೋಗುವುದಕ್ಕೂ, ಒಬ್ಬ ಡಾಕ್ಟರು ಇನ್ನೊಬ್ಬರಿಗೆ ಹೇಳಿ ಕಳಿಸುವುದಕ್ಕೂ ಬಹಳ ವ್ಯತ್ಯಾಸ. ಸ್ಕ್ಯಾನ್ ಫಿಲ್ಮ್ ಮರೆಯಬೇಡಿ.

ಎಲ್ಲದಕ್ಕೂ ಬೆಂಗಳೂರೇ ಆಗಬೇಕಿಲ್ಲ ಅನ್ನುವುದಕ್ಕೆ ಹಾರ್ಟ್ ಅಟ್ಯಾಕ್ ನೋಡಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ರಕ್ತ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆಂಬ್ಯುಲೆನ್ಸಿನಲ್ಲಿ ಕಳೆಯುತ್ತಿದ್ದ ಹೊತ್ತು ಚಿಕಿತ್ಸೆಗೆ ಸಿಕ್ಕಿತು.

ಪ್ರಶ್ನೆ: ಅಡ್ವಾನ್ಸ್ ಕಟ್ಟದೆ ಮುಟ್ಟುವುದಿಲ್ಲ ಅಂತ ಖಾಸಗಿ ಆಸ್ಪತ್ರೆಯವರು ಹೇಳಬಹುದಾ?
(ಓದುಗರು, ಮಂಡ್ಯ)

ತುರ್ತು ಸ್ಥಿತಿಯಲ್ಲಿ ಹೇಳುವಂತಿಲ್ಲ. ಜೀವ ಉಳಿಸುವುದು ಸರ್ಕಾರಿ, ಖಾಸಗಿ ಅನ್ನದೆ ಪ್ರತಿ ಡಾಕ್ಟರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಇದನ್ನೇ ಹೇಳುತ್ತದೆ. ಬಿಪಿಎಲ್ ಕಾರ್ಡಿದ್ದರೆ ಅಲ್ಲಿ ಆರೋಗ್ಯ ಮಿತ್ರ, ಅಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಸಹಾಯಕರು, ಇದ್ದಾರಾ ಕೇಳಿ. ಆ ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಿಲ್ಲ.

ಪ್ರಶ್ನೆ: ಒಪಿಡಿಯಲ್ಲಿ ಕ್ಯೂ ಜಾಸ್ತಿ, ರಾತ್ರಿ ಕ್ಯಾಶುಯಲ್ಟಿಗೆ ಹೋದರೆ ಬೇಗ ಆಗುತ್ತದೆ ಅಂತಾರೆ ನಮ್ಮ ಭಾವ. ನಿಜವಾ?
(ಓದುಗರು, ಬೆಂಗಳೂರು)

ಹಳೇ ಮಂಡಿ ನೋವಿಗೆ ರಾತ್ರಿ ಬಂದರೆ ಭಾವನಿಗೆ ಸಿಗುವುದು ನಿದ್ದೆಗೆಟ್ಟ ಹೌಸ್ ಸರ್ಜನ್ (ತರಬೇತಿಯಲ್ಲಿರುವ ಕಿರಿಯ ಡಾಕ್ಟರು), ಒಂದಿಷ್ಟು ಮಾತ್ರೆ, "ನಾಳೆ ಒಪಿಡಿಗೆ ಬನ್ನಿ" ಅನ್ನುವ ಚೀಟಿ. ಅಲ್ಲಿಗೆ ಕ್ಯೂ ಎರಡಾಯಿತು. ಆದರೆ ಎದೆ ಹಿಡಿದುಕೊಂಡಂತಾಗಿ ಬೆವರು ಬಂದರೆ ಗ್ಯಾಸ್ ಇರಬೇಕು ಅಂತ ಮನೆಯಲ್ಲಿ ಕೂರುವುದು ಬೇಡ, ಯಾವ ಹೊತ್ತಾದರೂ ಬನ್ನಿ. ಇಸಿಜಿ ತೆಗೆಯಲು ಐದು ನಿಮಿಷ ಸಾಕು. ಗ್ಯಾಸೇ ಆಗಿದ್ದರೆ ಯಾರೂ ಬೈಯುವುದಿಲ್ಲ. ಬೈದರೂ ಬೈಸಿಕೊಳ್ಳಿ.