ಗ್ವೆನ್ಲಿಯನ್ ಎಂಬ ಮೊಮ್ಮಗಳು

ಬೈಲಹೊಂಗಲದ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದಾಳೆ. ಅಳಿಯ ವೇಲ್ಸ್‌ನ ಕಿಡ್ವೆಲಿಯವರು. ಹುಟ್ಟಿದ ಹೆಣ್ಣು ಕೂಸಿಗೆ ಗ್ವೆನ್ಲಿಯನ್ ಎಂದು ಹೆಸರಿಡುತ್ತಾರಂತೆ. ಇಂಗ್ಲೆಂಡಿನವರಿಗೇ ಕರೆಯಲು ಬಾರದ ಹೆಸರಿದು. ನನ್ನ ನಾಲಿಗೆಯಂತೂ ಹೊರಳುವುದಿಲ್ಲ. ಸಾಲದ್ದಕ್ಕೆ, ಆ ಹೆಸರಿನ ರಾಣಿಯನ್ನು ಶತ್ರುಗಳು ಕೊಂದರೆಂದು ಅಳಿಯನೇ ಹೇಳಿದರು. ಇಂಥ ಹೆಸರು ಬೇಕೇ?"

ನಿಮ್ಮ ಎರಡನೆಯ ಅಂಜಿಕೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬೈಲಹೊಂಗಲದವರು ಕೇಳಬಾರದ ಪ್ರಶ್ನೆಯದು. ಕಿತ್ತೂರು ಚೆನ್ನಮ್ಮ 1829ರಲ್ಲಿ ಸೆರೆಯಲ್ಲೇ ಪ್ರಾಣ ಬಿಟ್ಟದ್ದು ನಿಮ್ಮೂರಿನಲ್ಲಿ. ಆ ಕಾರಣಕ್ಕೆ ಮಗಳಿಗೆ ಚೆನ್ನಮ್ಮ ಎಂದು ಹೆಸರಿಡಲು ನಿಮ್ಮ ಕಡೆ ಯಾರಾದರೂ ಹಿಂಜರಿದರೇ? 1136ರಲ್ಲಿ ಗಂಡ ನೆರವು ಕೇಳಲು ಉತ್ತರಕ್ಕೆ ಹೋಗಿದ್ದಾಗ ಗ್ವೆನ್ಲಿಯನ್ ತಾನೇ ದಂಡು ಕಟ್ಟಿಕೊಂಡು, ಇಂಗ್ಲೆಂಡನ್ನು ಗೆದ್ದಿದ್ದ ನಾರ್ಮನ್ನರನ್ನು ಎದುರಿಸಿದಳು. ಕಿಡ್ವೆಲಿಯ ಬಳಿ ಸೋತಳು, ಅವಳನ್ನು ಕೊಂದರು. ಆ ಬಯಲಿಗೆ ಈಗಲೂ ಅವಳದೇ ಹೆಸರು. ಅವಳ ಕಿರಿಯ ಮಗ ರೀಸ್ ಬೆಳೆದು ವೇಲ್ಸ್‌ನ ದಕ್ಷಿಣ ಭಾಗವನ್ನು ಆಳಿದ. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳನ್ನೂ ವಾದ್ಯಗಾರರನ್ನೂ ಕೂಡಿಸಿ ಸ್ಪರ್ಧೆ ನಡೆಸಿದ. ಅಳಿಯನ ಊರಿನವರಿಗೆ ಗ್ವೆನ್ಲಿಯನ್ ಮನೆಮಗಳು, ಅಪಶಕುನವಲ್ಲ.

ವೇಲ್ಸ್‌ನ ಆಚೆ ಈ ಹೆಸರು ಪಡುವ ಪಾಡು ನಿಮಗೆ ತಿಳಿಯಬೇಕಿದ್ದರೆ ಇನ್ನೊಬ್ಬ ಗ್ವೆನ್ಲಿಯನ್ ಇದ್ದಾಳೆ. ವೇಲ್ಸ್‌ನ ದೊರೆ ಲೆವೆಲಿನ್‌ನ ಮಗಳು, 1282ರಲ್ಲಿ ಹುಟ್ಟಿದವಳು. ತಾಯಿ ಹೆರಿಗೆಯಲ್ಲಿ ತೀರಿಕೊಂಡಳು, ತಂದೆ ಅದೇ ವರ್ಷ ಯುದ್ಧದಲ್ಲಿ ಸತ್ತ. ಇಂಗ್ಲೆಂಡಿನ ಮೊದಲನೆಯ ಎಡ್ವರ್ಡ್ ಆ ಕೂಸನ್ನು ಲಿಂಕನ್‌ಶೈರ್‌ನ ಸೆಂಪ್ರಿಂಗಮ್ ಮಠಕ್ಕೆ ಸಾಗಿಸಿದ. 1337ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ ಆಕೆ ಕಾಗದಪತ್ರಗಳಲ್ಲಿ ವೆಂಟ್ಲಿಯಾನ್ ಆಗಿಹೋದಳು. ಸರಿಯಾಗಿ ಕರೆಯುವವರು ಹತ್ತಿರ ಇಲ್ಲದಿದ್ದರೆ ಹೆಸರು ಹೀಗೆ ಸವೆಯುತ್ತದೆ. ನಿಮ್ಮ ಮೊಮ್ಮಗಳಿಗೆ ಆ ಕೊರತೆಯಿಲ್ಲ. ಮನೆಯಲ್ಲಿ ತಂದೆ ಇದ್ದಾರೆ, ಸೆವರ್ನ್ ನದಿಯ ಸೇತುವೆ ದಾಟಿದರೆ ವೇಲ್ಸ್ ಇದೆ.

ಇನ್ನು ನಾಲಿಗೆ. ಹೆಸರನ್ನು ಬರೆಯುವುದು Gwenllian ಎಂದು. ನಡುವಿನ ಜೋಡಿ ಎಲ್ ನಮ್ಮ ಲಕಾರವಲ್ಲ, ಳಕಾರವೂ ಅಲ್ಲ. ಲ ಎನ್ನುವಂತೆ ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಒತ್ತಿ, ದನಿ ಹೊರಡಿಸದೆ ಪಕ್ಕದಿಂದ ಉಸಿರು ಊದಿ. ಒತ್ತು ಆ ಅಕ್ಷರದ ಮೇಲೆಯೇ ಬೀಳಬೇಕು. ಮೊದಮೊದಲು ನಗು ಬರುತ್ತದೆ. ನಕ್ಕರೆ ನಗಲಿ, ಬೈಲಹೊಂಗಲ ಎಂದು ಹೇಳಿ ನೋಡಿ ಎಂದು ಅಳಿಯನಿಗೂ ಒಂದು ಪರೀಕ್ಷೆ ಇಡಿ.

ವೇಲ್ಸ್‌ನಲ್ಲಿ ಹುಟ್ಟಿದ ಮಗುವಿನ ಜನನವನ್ನು ಅಲ್ಲಿನ ವೆಲ್ಷ್ ಭಾಷೆಯಲ್ಲೂ ನೋಂದಾಯಿಸಬಹುದು. ಬ್ರಿಸ್ಟಲ್‌ನಲ್ಲಿ ಆ ಸೌಲಭ್ಯವಿಲ್ಲ. ಹಾಗೆಂದು ಇಂಗ್ಲಿಷರ ಅನುಕೂಲಕ್ಕೆ ಒಂದು ಎಲ್ ಕಿತ್ತು ಬರೆಸುವುದು ಬೇಡ. ಅವರು ಆಗಲೂ ತಪ್ಪಾಗಿಯೇ ಕರೆಯುತ್ತಾರೆ, ಆ ಕಡೆಯ ಅಜ್ಜಿಗೆ ಮಾತ್ರ ಬೇಸರವಾಗುತ್ತದೆ. ಶಾಲೆಯಲ್ಲಿ ಗ್ವೆನ್ ಎನ್ನುತ್ತಾರೆ, ಎನ್ನಲಿ. ಎರಡನೆಯ ಹೆಸರು ನಮ್ಮ ಕಡೆಯದಿರಲಿ ಎಂದು ಕೇಳುವ ಸಲಿಗೆ ಅಜ್ಜಿಯಾದ ನಿಮಗಿದೆ. ಅಲ್ಲಿ ಜನನ ನೋಂದಣಿಗೆ 42 ದಿನಗಳ ಗಡುವು. ಈ ಸಂಚಿಕೆ ಕೈಸೇರುವವರೆಗೆ ಕಾಯದೆ ಕೇಳಿದ್ದೀರಿ ಎಂದುಕೊಳ್ಳುತ್ತೇನೆ. ಇಲ್ಲವಾದರೆ ಇವತ್ತೇ ಫೋನ್ ಮಾಡಿ.